ರೂಢಿಯ ವಿಮಾನ ಯಾವುದು?

ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸುವುದು ಅಷ್ಟೇನೂ ಕಷ್ಟವಲ್ಲ. ಅದನ್ನೇ ಟ್ರೇಲರ್ ಸಮೇತ ಹಿಂದಕ್ಕೆ ತೆಗೆಯಬೇಕೆಂದರೆ ನುರಿತ ಕೈ ಬೇಕು. ಮುಂದೆ ಹೋಗುವಾಗ ಟ್ರೇಲರ್ ತಾನಾಗಿಯೇ ಹಿಂಬಾಲಿಸುತ್ತದೆ; ಒಂದಿಷ್ಟು ವಾರೆಯಾದರೂ ಎಳೆತವೇ ಅದನ್ನು ನೆಟ್ಟಗೆ ಮಾಡುತ್ತದೆ. ಹಿಂದಕ್ಕೆ ನೂಕುವಾಗ ಹಾಗಲ್ಲ. ಗೇಣಿನಷ್ಟು ವಾರೆಯಾದದ್ದು ನೋಡನೋಡುತ್ತಿದ್ದಂತೆ ಮಾರಿನಷ್ಟಾಗುತ್ತದೆ. ಆಗಿಂದಾಗ್ಗೆ ತಿದ್ದದೆ ಬಿಟ್ಟರೆ ಟ್ರೇಲರ್ ಮಡಚಿಕೊಂಡು ದಾರಿಗೆ ಅಡ್ಡ ನಿಲ್ಲುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ವಿಮಾನ ಚಾಲಕರ ಒಂದು ವಿಚಿತ್ರ ಮಾತಿನ ಬೀಗದ ಕೈ ಇದೇ ಟ್ರೇಲರಿನಲ್ಲಿದೆ ಎಂದರೆ ಅವರಿಗೂ ಅಚ್ಚರಿಯಾದೀತು.

ಈ ಚನ್ನರಾಯಪಟ್ಟಣ ಹಾಸನ ಜಿಲ್ಲೆಯದಲ್ಲ, ಬೆಂಗಳೂರು ಗ್ರಾಮಾಂತರ ಜಿಲ್ಲೆಯದು. ವಿಮಾನಕ್ಕೂ ಈ ಹೋಬಳಿಗೂ ಬಿದ್ದ ನಂಟು ಸುಖದ್ದೇನಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ನೆಲದ ಬೆಲೆ ಏರಿತು. ನೆಲದ ಮೇಲಿನ ಕಣ್ಣುಗಳೂ ಹೆಚ್ಚಿದವು. 2021ರಲ್ಲಿ ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ರಕ್ಷಣಾ ಮತ್ತು ವೈಮಾನಿಕ ಉದ್ಯಮಗಳ ಪಾರ್ಕ್‌ಗಾಗಿ ಸ್ವಾಧೀನಪಡಿಸಿಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮುಂದಾಯಿತು. ಹರಳೂರು, ಪೋಲನಹಳ್ಳಿ, ಮಟ್ಟಬಾರ್ಲು, ನಲ್ಲೂರು ಮೊದಲಾದ ಊರುಗಳ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಮೂರು ವರ್ಷಕ್ಕೂ ಮೀರಿ ಎದ್ದೇಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಹೀಗೆ ವಿಮಾನದ ಭಾಗಗಳಿಗೆಂದು ಗುರುತಾಗಿದ್ದ ನೆಲ ರಾಗಿ, ದ್ರಾಕ್ಷಿ, ತರಕಾರಿಗಳಿಗೇ ಉಳಿಯಿತು. ಆಕಾಶದಲ್ಲಿ ಮಾತ್ರ ವಿಮಾನಗಳ ಓಡಾಟ ಎಂದಿನಂತೆ ನಡೆದಿದೆ.

ಈ ನಿಲ್ದಾಣದಲ್ಲಿ ಬಂದಿಳಿಯುವ ಪ್ರಯಾಣಿಕ ವಿಮಾನಗಳನ್ನು ತೋರಿಸಿ, ‘ಇವುಗಳಲ್ಲಿ ಕನ್ವೆನ್ಷನಲ್ ವಿಮಾನ ಯಾವುದು?’ ಎಂದು ಹಳೆಯ ಕಾಲದ ಪೈಲಟ್ ಒಬ್ಬರನ್ನು ಕೇಳಿದರೆ ‘ಒಂದೂ ಇಲ್ಲ’ ಎಂದಾರು. ಅದೇ ಪ್ರಶ್ನೆಯನ್ನು ಏರ್‌ಬಸ್ ನಡೆಸುವ ಇಂದಿನ ಪೈಲಟ್‌ಗೆ ಹಾಕಿದರೆ, ಹುಬ್ಬಳ್ಳಿಯ ಕಡೆ ಹೊರಟ ಪ್ರೊಪೆಲ್ಲರಿನ ಎಟಿಆರ್ ವಿಮಾನವನ್ನೋ, ಆಚೆ ನಿಂತ ಬೋಯಿಂಗ್ 737 ಅನ್ನೋ ತೋರಿಸುವುದು ಖಂಡಿತ. ಇಬ್ಬರ ಉತ್ತರವೂ ಸರಿಯೇ. ಒಂದೇ ಮಾತು, ಎರಡು ಅರ್ಥ. ಒಂದು ಅರ್ಥ ಚಕ್ರಕ್ಕೆ ಸೇರಿದ್ದು, ಇನ್ನೊಂದು ಕೈಗೆ ಸೇರಿದ್ದು. ಎರಡರ ಕಥೆಯೂ ಬೆಂಗಳೂರಿನ ನೆಲದ ಮೇಲೆಯೇ ನಡೆದಿದೆ. ಎರಡನೆಯ ಕಥೆಯಲ್ಲಿ 92 ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. ಆದ್ದರಿಂದ ಇದನ್ನು ಬರಿಯ ಪದಾರ್ಥದ ಚರ್ಚೆ ಎಂದು ತಳ್ಳಿಹಾಕುವಂತಿಲ್ಲ.

‘ಕನ್ವೆನ್ಷನಲ್’ ಎಂಬುದಕ್ಕೆ ನಿಘಂಟುಗಳು ಕೊಡುವ ಪದ ‘ಸಾಂಪ್ರದಾಯಿಕ’. ಆದರೆ ‘ಸಾಂಪ್ರದಾಯಿಕ ವಿಮಾನ’ ಎಂದೊಡನೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಆಯುಧಪೂಜೆಗೆ ನಿಂತ ವಿಮಾನದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅದಕ್ಕಿಂತ ‘ರೂಢಿಯ ವಿಮಾನ’ ಎನ್ನುವುದು ವಾಸಿ. ಕನ್ನಡದಲ್ಲಿ ರೂಢಿ ಎಂಬ ಮಾತಿಗೆ ಲೋಕದಲ್ಲಿ ಬಳಕೆಯಾಗಿರುವುದು ಎಂಬ ಅರ್ಥವೂ ಉಂಟು, ಮೈಗೆ ಅಭ್ಯಾಸವಾಗಿರುವುದು ಎಂಬ ಅರ್ಥವೂ ಉಂಟು. ಪೈಲಟ್‌ಗಳ ಈ ಮಾತಿಗೆ ಎರಡೂ ಬೇಕು.

ಮೊದಲು ಚಕ್ರದ ಕಥೆ. ವಿಮಾನ ನೆಲದ ಮೇಲೆ ನಿಲ್ಲಲು ಕನಿಷ್ಠ ಮೂರು ಕಡೆ ಆಧಾರ ಬೇಕು. ರೆಕ್ಕೆಗಳ ಕೆಳಗೆ ಎಡಕ್ಕೊಂದು ಬಲಕ್ಕೊಂದು ದೊಡ್ಡ ಗಾಲಿ, ಇವಕ್ಕೆ ತಕರಾರಿಲ್ಲ. ಮೂರನೆಯದನ್ನು ಎಲ್ಲಿ ಇಡಬೇಕು ಎಂಬುದೇ ಪ್ರಶ್ನೆ. ಮೂಗಿನ ಕೆಳಗೆ ಇಟ್ಟರೆ ವಿಮಾನ ಮಟ್ಟಸವಾಗಿ ನಿಲ್ಲುತ್ತದೆ; ಇಂದಿನ ಎಲ್ಲ ಪ್ರಯಾಣಿಕ ವಿಮಾನಗಳೂ ಹೀಗೆಯೇ. ಬಾಲದ ಕೆಳಗೆ ಇಟ್ಟರೆ ಮೂಗು ಆಕಾಶ ನೋಡುತ್ತದೆ, ಬಾಲ ನೆಲಕ್ಕೆ ಕೂರುತ್ತದೆ. ಹಳೆಯ ಯುದ್ಧ ಸಿನಿಮಾಗಳಲ್ಲಿ ಕಾಣುವ ವಿಮಾನಗಳು ಬಹುಮಟ್ಟಿಗೆ ಈ ಜಾತಿಯವು. ಪೈಲಟ್‌ಗಳ ಆಡುಮಾತಿನಲ್ಲಿ ಇವು ಬಾಲ ಎಳೆಯುವ ವಿಮಾನಗಳು, ಟೇಲ್‌ಡ್ರ್ಯಾಗರ್‌ಗಳು. ಪಠ್ಯಪುಸ್ತಕಗಳಲ್ಲಿ ಮಾತ್ರ ಇಂದಿಗೂ ಇವುಗಳ ಗಾಲಿ ವ್ಯವಸ್ಥೆಯ ಹೆಸರು ‘ಕನ್ವೆನ್ಷನಲ್ ಗೇರ್’. ಲೋಕದ ರೂಢಿ ತಪ್ಪಿ ಎಷ್ಟೋ ದಶಕಗಳಾದರೂ ಹೆಸರಿನಲ್ಲಿ ರೂಢಿ ಉಳಿದುಕೊಂಡಿದೆ. ಶಾಲೆಯಲ್ಲಿ ವ್ಯಾಕರಣ ಕಲಿತವರಿಗೆ ಅನ್ವರ್ಥನಾಮ, ರೂಢನಾಮಗಳ ನೆನಪಿರಬಹುದು. ಒಂದು ಕಾಲಕ್ಕೆ ಅನ್ವರ್ಥವಾಗಿದ್ದ ಹೆಸರು ಈಗ ಬರೀ ರೂಢನಾಮವಾಗಿ ಕೂತಿದೆ.

ಬಾಲದ ಗಾಲಿಯೇ ಮೊದಲು ರೂಢಿಗೆ ಬಂದದ್ದೇಕೆ? ಅದೇ ಆದಿಯಿಂದ ಬಂದದ್ದು ಎಂದುಕೊಳ್ಳುವುದು ತಪ್ಪು. 1903ರ ರೈಟ್ ಸಹೋದರರ ವಿಮಾನಕ್ಕೆ ಗಾಲಿಯೇ ಇರಲಿಲ್ಲ. ಅಮೆರಿಕದ ಗ್ಲೆನ್ ಕರ್ಟಿಸ್ ಕಟ್ಟಿದ ಆರಂಭದ ವಿಮಾನಗಳಿಗೆ ಮುಂದೊಂದು ಹಿಂದೆರಡು, ಮಕ್ಕಳ ಮೂರು ಗಾಲಿ ಸೈಕಲ್ಲಿನಂತೆ ಗಾಲಿಗಳಿದ್ದವು. ಆದರೆ 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಫ್ರಾನ್ಸಿನ ಬ್ಲೆರಿಯೊ ವಿಮಾನದಂತೆ ಎಂಜಿನ್ ಮುಂದೆ, ಬಾಲ ಹಿಂದೆ ಇರುವ ಮಾದರಿ ಗೆದ್ದ ಮೇಲೆ ಗಾಲಿಯೂ ಬಾಲಕ್ಕೆ ಹೋಯಿತು. ಆ ಕಾಲದಲ್ಲಿ ರನ್‌ವೇ ಎಂಬುದಿರಲಿಲ್ಲ. ಇದ್ದದ್ದು ಹುಲ್ಲಿನ ಬಯಲು. ಗುಂಡಿ, ದಿಣ್ಣೆ, ಕೆಸರು ಎಲ್ಲ ಇದ್ದ ಬಯಲಿನಲ್ಲಿ ಮೂಗಿನ ಕೆಳಗಿನ ಸಣ್ಣ ಗಾಲಿ ಗುಂಡಿಗೆ ಸಿಕ್ಕಿದರೆ ಮುರಿಯುವ ಭಯ. ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರಬೇಕಾದರೆ ಮೂಗು ಮೇಲಕ್ಕಿರುವುದೇ ಕ್ಷೇಮ. ಬಾಲಕ್ಕೆ ಗಾಲಿಯೂ ಬೇಕಾಗಿರಲಿಲ್ಲ. ಒಂದು ಮರದ ಊರುಗೋಲು ಸಾಕಾಗುತ್ತಿತ್ತು. ನೆಲ ಕೆರೆಯುತ್ತ ಅದೇ ಬ್ರೇಕಿನ ಕೆಲಸವನ್ನೂ ಮಾಡುತ್ತಿತ್ತು. ಜೊತೆಗೆ ತೂಕ ಕಡಿಮೆ, ಖರ್ಚು ಕಡಿಮೆ.

ಇಷ್ಟೆಲ್ಲ ಅನುಕೂಲಗಳಿಗೆ ತೆರಬೇಕಾದ ಬೆಲೆಯನ್ನು ಪೈಲಟ್ ತೆರಬೇಕಾಗಿತ್ತು. ಇಲ್ಲಿ ಟ್ರೇಲರ್ ನೆನಪಾಗಬೇಕು. ಬಾಲದ ಗಾಲಿಯ ವಿಮಾನದಲ್ಲಿ ಎರಡು ಮುಖ್ಯ ಗಾಲಿಗಳು ಮುಂದಿರುತ್ತವೆ. ವಿಮಾನದ ಭಾರ ಒಟ್ಟುಗೂಡಿರುವ ತಾಣ, ಅಂದರೆ ಗುರುತ್ವ ಕೇಂದ್ರ, ಅವುಗಳಿಗಿಂತ ಹಿಂದಿರುತ್ತದೆ. ನೆಲ ಮುಟ್ಟಿ ಓಡುತ್ತಿರುವಾಗ ಗಾಲಿಗಳು ತಡೆಯುತ್ತವೆ, ಹಿಂದಿನ ಭಾರ ನೂಕುತ್ತದೆ. ಇದು ಟ್ರೇಲರ್ ಸಮೇತ ಹಿಂದಕ್ಕೆ ಬಂದ ಹಾಗೆಯೇ ಆಯಿತು. ವಿಮಾನದ ಮೂಗು ಒಂದಿಷ್ಟು ಎಡಕ್ಕೋ ಬಲಕ್ಕೋ ಹೊರಳಿದರೆ ಹಿಂದಿನ ಭಾರ ಆ ವಾರೆಯನ್ನು ತಿದ್ದುವುದಿಲ್ಲ, ಹೆಚ್ಚಿಸುತ್ತದೆ. ಕೊನೆಗೆ ಬಾಲ ಮೂಗನ್ನು ದಾಟಿ ಮುಂದೆ ಬರಲು ನೋಡುತ್ತದೆ. ವಿಮಾನ ನಿಂತ ನಿಲುವಿನಲ್ಲಿ ಬುಗುರಿಯ ಹಾಗೆ ಗಿರಕಿ ಹೊಡೆಯುತ್ತದೆ. ಇದಕ್ಕೆ ಪೈಲಟ್‌ಗಳು ಇಟ್ಟ ಹೆಸರು ‘ಗ್ರೌಂಡ್ ಲೂಪ್’. ಜೀವಹಾನಿ ಅಪರೂಪ, ಆದರೆ ರೆಕ್ಕೆಯ ತುದಿ ನೆಲ ಕೆರೆದು, ಗಾಲಿಯ ಕಾಲು ಮುರಿದು, ಪ್ರೊಪೆಲ್ಲರ್ ಬಗ್ಗಿ, ವಿಮಾನ ತಿಂಗಳುಗಟ್ಟಲೆ ಷೆಡ್ಡಿನಲ್ಲಿ ಕೂರುತ್ತದೆ. ಮೂಗಿನ ಗಾಲಿಯ ವಿಮಾನದಲ್ಲಿ ಎಲ್ಲವೂ ತಿರುವುಮುರುವು. ಭಾರ ಮುಂದೆ, ಮುಖ್ಯ ಗಾಲಿಗಳು ಹಿಂದೆ. ಅದು ಮುಂದಕ್ಕೆ ಹೋಗುವ ಟ್ರ್ಯಾಕ್ಟರ್ ಇದ್ದಂತೆ. ಸ್ವಲ್ಪ ವಾರೆಯಾಗಿ ಇಳಿದರೂ ತಾನೇ ನೆಟ್ಟಗಾಗುತ್ತದೆ.

ಹೀಗಾಗಿ ಬಾಲದ ಗಾಲಿಯ ವಿಮಾನವನ್ನು ಇಳಿಸುವವರ ಪಾದಗಳು ಸುಮ್ಮನಿರುವಂತಿಲ್ಲ. ಕಾಲ ಬಳಿಯ ಎರಡು ರಡ್ಡರ್ ಪೆಡಲ್‌ಗಳನ್ನು ಎಡ ಬಲ ಎಡ ಎಂದು, ವಾರೆ ಕಣ್ಣಿಗೆ ಕಾಣುವ ಮೊದಲೇ, ಒತ್ತುತ್ತಿರಬೇಕು. ಮೂಗು ಮೇಲಿರುವುದರಿಂದ ನೆಲದ ಮೇಲೆ ಎದುರಿನದು ಕಾಣುವುದೂ ಇಲ್ಲ. ಹಾವಿನಂತೆ ಹೊರಳುತ್ತ, ಪಕ್ಕದಿಂದ ಇಣುಕಿ ನೋಡುತ್ತ ಸಾಗಬೇಕು. ವಿಮಾನ ಷೆಡ್ಡಿಗೆ ಬಂದು ನಿಲ್ಲುವವರೆಗೂ ಅದನ್ನು ಹಾರಿಸುತ್ತಲೇ ಇರಬೇಕು ಎಂದು ಶಿಕ್ಷಕರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಈಜಿನಂತೆ, ಸೈಕಲ್ಲಿನಂತೆ, ಕಾಲುಗಳೇ ಕಲಿಯಬೇಕಾದದ್ದು.

ಬೆಂಗಳೂರು ಈ ವಿದ್ಯೆಯಲ್ಲೇ ಬೆಳೆದ ಊರು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷ ಅಲ್ಲಿ ಜೋಡಿಸಿ ಹಾರಿಸಿದ ಹಾರ್ಲೊ ತರಬೇತಿ ವಿಮಾನಕ್ಕೆ ಇದ್ದದ್ದು ಬಾಲದ ಗಾಲಿ. ಯುದ್ಧಕಾಲದಲ್ಲಿ ರಿಪೇರಿಗೆ ಬಂದ ಡಕೋಟಗಳದ್ದೂ ಅದೇ. ಸ್ವಾತಂತ್ರ್ಯ ಬಂದ ಮೇಲೆ ನಾಗರಿಕ ವಿಮಾನಯಾನದಲ್ಲಿ ದುಡಿದವೂ ಬಹುಪಾಲು ಡಕೋಟಗಳೇ. ಪ್ರಯಾಣಿಕರು ಹಿಂದಿನ ಬಾಗಿಲಿನಲ್ಲಿ ಹತ್ತಿ, ಸಣ್ಣ ಗುಡ್ಡ ಏರುವಂತೆ ಮೇಲಕ್ಕೆ ನಡೆದು ಸೀಟು ಸೇರಬೇಕಾಗಿತ್ತು.

ಭಾರತದಲ್ಲೇ ವಿನ್ಯಾಸಗೊಂಡು ಹಾರಿದ ಮೊದಲ ತರಬೇತಿ ವಿಮಾನ ಎಚ್‌ಟಿ-2. ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಬಳಿ ಕಲಿತು, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ್ದ ವಿ. ಎಂ. ಘಾಟಗೆ ಅದರ ವಿನ್ಯಾಸಕಾರರು. 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಅದು ಮೊದಲ ಬಾರಿ ಹಾರಿತು. ಗುರು ಶಿಷ್ಯರು ಒಬ್ಬರ ಹಿಂದೊಬ್ಬರು ಕೂರುವ, ಕೆಳರೆಕ್ಕೆಯ, ಪೂರ್ತಿ ಲೋಹದ ಈ ಪುಟ್ಟ ವಿಮಾನ ಬಾಲದ ಗಾಲಿಯದು. ಮೂರು ದಶಕಗಳಿಗೂ ಮೀರಿ ವಾಯುಪಡೆಯ ಹುಡುಗರು ಇದರಲ್ಲಿ ಮೊದಲ ಪಾಠ ಕಲಿತರು; ಘಾನಾ ದೇಶದ ವಾಯುಪಡೆಯೂ ಇದನ್ನು ಕೊಂಡಿತು. 1958ರ ಸೆಪ್ಟೆಂಬರ್‌ನಲ್ಲಿ ಹಾರಿದ ‘ಪುಷ್ಪಕ್’ ಇನ್ನೂ ಸರಳ: ಬಟ್ಟೆ ಹೊದಿಸಿದ ಮೈ, ತಲೆಯ ಮೇಲೆ ರೆಕ್ಕೆ, ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್. ದೇಶದ ಹಲವು ಹಾರಾಟ ಕ್ಲಬ್ಬುಗಳಿಗೆ ಹೋದ ಈ ವಿಮಾನ ದೇವನಹಳ್ಳಿಯ ದಾರಿಯಲ್ಲೇ ಇರುವ ಜಕ್ಕೂರಿನ ಸರ್ಕಾರಿ ಹಾರಾಟ ತರಬೇತಿ ಶಾಲೆಯಲ್ಲೂ ಇತ್ತು. ನಾಗರಿಕ ಪೈಲಟ್‌ಗಳ ಒಂದು ಇಡೀ ತಲೆಮಾರಿನ ಪಾದಗಳು ಪುಷ್ಪಕ್‌ನಲ್ಲಿ ಪಳಗಿದವು.

ಅದೇ ಎಚ್‌ಎಎಲ್ ಅಂಗಳದಲ್ಲಿ, ಅದೇ ವರ್ಷಗಳಲ್ಲಿ, ರೂಢಿ ಬದಲಾಗುತ್ತಿತ್ತು. ಇದನ್ನು ಒಬ್ಬ ವ್ಯಕ್ತಿಯ ಬದುಕಿನಲ್ಲೇ ನೋಡಬಹುದು. ಜರ್ಮನಿಯ ಕುರ್ಟ್ ಟ್ಯಾಂಕ್ ಎರಡನೆಯ ಮಹಾಯುದ್ಧದ ಹೆಸರಾಂತ ಫೋಕೆ-ವುಲ್ಫ್ 190 ಯುದ್ಧವಿಮಾನದ ಜನಕ. ಅದು ಬಾಲದ ಗಾಲಿಯ ವಿಮಾನ. 1956ರಲ್ಲಿ ಬೆಂಗಳೂರಿಗೆ ಬಂದ ಅದೇ ಟ್ಯಾಂಕ್ ಇಲ್ಲಿನ ತಂಡದೊಡನೆ ರೂಪಿಸಿದ ಜೆಟ್ ಯುದ್ಧವಿಮಾನ ‘ಮಾರುತ್’. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದಾಗ ಗಾಲಿ ಮೂಗಿಗೆ ಬಂದಿತ್ತು. ಜೆಟ್ ಬಂದ ಮೇಲೆ ಬೇರೆ ದಾರಿಯೂ ಇರಲಿಲ್ಲ. ಬಾಲ ನೆಲಕ್ಕೆ ಕೂತಿದ್ದರೆ ಎಂಜಿನ್ನಿನ ಬಿಸಿಗಾಳಿ ರನ್‌ವೇಗೆ ಬಡಿಯುತ್ತದೆ. ಬಾಲವನ್ನು ಮೇಲೆತ್ತಲು ಪ್ರೊಪೆಲ್ಲರಿನ ಗಾಳಿಯ ನೆರವೂ ಇಲ್ಲ. 1942ರಲ್ಲಿ ಜರ್ಮನಿಯ ಮೆಸ್ಸರ್‌ಸ್ಮಿಟ್ 262 ಜೆಟ್ಟನ್ನು ಬಾಲದ ಗಾಲಿಯೊಡನೆ ಹಾರಿಸಿ ನೋಡಿದಾಗ, ಓಡುತ್ತಿರುವಾಗಲೇ ಒಮ್ಮೆ ಬ್ರೇಕ್ ತಟ್ಟಿ ಬಾಲ ಎತ್ತಿಸಬೇಕಾಯಿತು. ಹಾರಲೆಂದು ಬ್ರೇಕ್ ಹಾಕಬೇಕಾದ ವಿಮಾನವನ್ನು ಯಾರು ತಾನೆ ಮೆಚ್ಚಿಯಾರು? ಮುಂದಿನ ಮಾದರಿಗಳಿಗೆ ಮೂಗಿನ ಗಾಲಿ ಬಂತು.

ಅಷ್ಟರಲ್ಲಿ ಕಾಂಕ್ರೀಟ್ ರನ್‌ವೇಗಳು ಎಲ್ಲೆಡೆ ಆಗಿದ್ದವು, ಹುಲ್ಲುಬಯಲಿನ ವಾದ ಬಿದ್ದುಹೋಗಿತ್ತು. 1957ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಬಂದ ವೈಕೌಂಟ್ ವಿಮಾನಗಳಿಗೆ ಮೂಗಿನ ಗಾಲಿ; 1964ರಲ್ಲಿ ಹಾರಿದ ‘ಕಿರಣ್’ ಜೆಟ್ ತರಬೇತಿ ವಿಮಾನಕ್ಕೂ ಅದೇ; 1977ರಲ್ಲಿ ಹಾರಿ, ಮುಂದೆ ಎಚ್‌ಟಿ-2ರ ಜಾಗಕ್ಕೆ ಬಂದ ‘ದೀಪಕ್’ಗೂ ಅದೇ. ಆದರೂ ಎಚ್‌ಎಎಲ್ 1972ರಲ್ಲಿ ಹಾರಿಸಿದ ‘ಬಸಂತ್’ಗೆ ಗಾಲಿ ಬಾಲದಲ್ಲೇ ಇತ್ತು. ಅದು ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ. ಹೊಲದ ಪಕ್ಕದ ಮಣ್ಣಿನ ಪಟ್ಟಿಯಲ್ಲಿ ಇಳಿದು ಏಳಬೇಕಾದದ್ದು. ರೈತನ ನೆಲದಲ್ಲಿ ಹಳೆಯ ರೂಢಿಗೆ ಇನ್ನೂ ಅರ್ಥವಿತ್ತು.

ಕಾಲಚಕ್ರ ಎಷ್ಟು ಉರುಳಿತೆಂದರೆ, 1991ರಿಂದ ಅಮೆರಿಕದಲ್ಲಿ ಬಾಲದ ಗಾಲಿಯ ವಿಮಾನ ನಡೆಸಲು ಶಿಕ್ಷಕರಿಂದ ಪ್ರತ್ಯೇಕ ಒಪ್ಪಿಗೆ ಬರೆಸಿಕೊಳ್ಳಬೇಕೆಂಬ ನಿಯಮ ಬಂದಿದೆ. ಹಿಂದೆಯೇ ನಡೆಸಿ ರೂಢಿಯಿದ್ದವರಿಗೆ ಮಾತ್ರ ವಿನಾಯಿತಿ. ‘ರೂಢಿಯ’ ಎಂದು ಹೆಸರಿರುವ ಗಾಲಿಗೇ ವಿಶೇಷ ಪರವಾನಗಿ! ಕೇಳಿದರೆ ನಗು ಬರುತ್ತದೆ. ಆದರೆ ನಿಯಮ ಮಾಡಿದವರು ವಿಷಯವನ್ನು ಸರಿಯಾಗಿಯೇ ಹಿಡಿದಿದ್ದಾರೆ. ಮೂಗಿನ ಗಾಲಿಯಲ್ಲಿ ಕಲಿತವರ ಪಾದಗಳಿಗೆ ಆ ಚುರುಕು ಬಂದಿರುವುದಿಲ್ಲ. ಅಪಾಯ ಹಳೆಯ ವಿಮಾನದಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಒಂದರಲ್ಲಿ ರೂಢಿಯಾದ ಮೈ ಇನ್ನೊಂದನ್ನು ಹತ್ತುವ ಘಳಿಗೆಯಲ್ಲಿದೆ.

ಎರಡನೆಯ ಕಥೆಗೆ ಈ ಮಾತೇ ಬಾಗಿಲು. ಗಾಲಿಯ ಜಗಳ ಮುಗಿದು ಎಲ್ಲ ವಿಮಾನಗಳೂ ಮಟ್ಟಸವಾಗಿ ನಿಂತ ಮೇಲೆ ‘ರೂಢಿಯ ವಿಮಾನ’ ಎಂಬ ಮಾತಿಗೆ ಕಾಕ್‌ಪಿಟ್‌ನಲ್ಲಿ ಹೊಸ ಅರ್ಥ ಹುಟ್ಟಿತು. ಅದುವರೆಗಿನ ವಿಮಾನಗಳಲ್ಲಿ ಪೈಲಟ್ ಹಿಡಿಯುತ್ತಿದ್ದುದು ಎದುರಿನ ಕಂಬದ ಮೇಲಿನ ಚಕ್ರ. ಅಲ್ಲಿಂದ ರೆಕ್ಕೆ, ಬಾಲಗಳ ಹಲಗೆಗಳವರೆಗೆ ಉಕ್ಕಿನ ಹಗ್ಗ, ರಾಟೆ, ಎಣ್ಣೆಯ ಒತ್ತಡದ ಕೊಳವೆಗಳು. ಒಬ್ಬ ಪೈಲಟ್ ಚಕ್ರ ತಿರುಗಿಸಿದರೆ ಪಕ್ಕದವರ ಚಕ್ರವೂ ತಿರುಗುತ್ತದೆ. ಇಬ್ಬರ ನಡುವೆ ಇರುವ ಥ್ರಾಟಲ್ ಲೀವರ್‌ಗಳು ಮುಂದಿದ್ದರೆ ಎಂಜಿನ್ ಜೋರಾಗಿದೆ, ಹಿಂದಿದ್ದರೆ ನಿಧಾನವಾಗಿದೆ ಎಂದು ಅರ್ಥ. ಮೇಲೆ ಕೈಯಿಟ್ಟರೆ ಸಾಕು, ಕಣ್ಣು ಬೇಕಿಲ್ಲ.

1987ರ ಫೆಬ್ರುವರಿಯಲ್ಲಿ ಮೊದಲು ಹಾರಿ, ಮರುವರ್ಷ ಪ್ರಯಾಣಿಕರ ಸೇವೆಗೆ ಬಂದ ಏರ್‌ಬಸ್ ಎ-320 ಇದೆಲ್ಲವನ್ನೂ ಬದಲಿಸಿತು. ಕಂಬವಿಲ್ಲ, ಚಕ್ರವಿಲ್ಲ, ಪೈಲಟ್‌ನ ಪಕ್ಕದಲ್ಲಿ ಗೇಣುದ್ದದ ಒಂದು ಕಡ್ಡಿ. ಅದನ್ನು ಅಲುಗಿಸಿದರೆ ಸಂದೇಶ ತಂತಿಯ ಮೂಲಕ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರ್ ಹಲಗೆಗಳನ್ನು ಅಲುಗಿಸುತ್ತದೆ. ಒಬ್ಬರ ಕಡ್ಡಿ ಅಲುಗಿದರೆ ಇನ್ನೊಬ್ಬರದು ಅಲುಗುವುದಿಲ್ಲ. ಥ್ರಾಟಲ್ ಲೀವರ್‌ಗಳಿವೆ, ಆದರೆ ಎಂಜಿನ್ನಿನ ವೇಗವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತಿರುವಾಗ ಅವು ಒಂದೇ ಕಚ್ಚಿನಲ್ಲಿ ಕೂತಿರುತ್ತವೆ. ಎಂಜಿನ್ ಗರ್ಜಿಸಿದರೂ ಅಷ್ಟೆ, ತಣ್ಣಗಾದರೂ ಅಷ್ಟೆ. ಏನಾಗುತ್ತಿದೆ ಎಂಬುದನ್ನು ಪರದೆ ನೋಡಿಯೇ ತಿಳಿಯಬೇಕು. ಇಂಥ ವಿಮಾನವನ್ನು ಕಲಿಸುವಾಗ ಅದಕ್ಕಿಂತ ಹಿಂದಿನದನ್ನೆಲ್ಲ ಒಟ್ಟಾಗಿ ಕರೆಯಲು ಒಂದು ಹೆಸರು ಬೇಕಾಯಿತು. ‘ಕನ್ವೆನ್ಷನಲ್ ವಿಮಾನದಲ್ಲಾದರೆ ಹೀಗೆ, ಇದರಲ್ಲಾದರೆ ಹೀಗೆ’ ಎಂಬ ಪಾಠ ಶುರುವಾಯಿತು.

ಇಂಡಿಯನ್ ಏರ್‌ಲೈನ್ಸ್ 1989ರಲ್ಲಿ ಎ-320 ವಿಮಾನಗಳನ್ನು ತರಿಸಿತು. 1990ರ ಫೆಬ್ರುವರಿ 14ರಂದು ಮುಂಬೈಯಿಂದ 146 ಜನರನ್ನು ಹೊತ್ತು ಬಂದ ಅಂಥದೊಂದು ವಿಮಾನ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಹಗಲು, ಆಕಾಶ ಶುಭ್ರ, ವಿಮಾನ ಸೇವೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ರನ್‌ವೇ ಇನ್ನೂ ಮುಂದಿರುವಾಗಲೇ ಅದು ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿ, ಪುಟಿದು, ಮುಂದಿನ ಏರಿಗೆ ಅಪ್ಪಳಿಸಿ ಹೊತ್ತಿ ಉರಿಯಿತು. 92 ಮಂದಿ ಸತ್ತರು, 54 ಮಂದಿ ಉಳಿದರು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ತನಿಖೆ ನಡೆಸಿದರು. ಎಂಜಿನ್ನಿನಲ್ಲಿ ದೋಷ ಕಾಣಲಿಲ್ಲ. ಇಳಿಯುವ ಹೊತ್ತಿನಲ್ಲಿ ವೇಗವನ್ನು ಕಾಯ್ದುಕೊಳ್ಳುವ ವಿಧಾನದಲ್ಲಿ ಇರಬೇಕಾಗಿದ್ದ ಕಂಪ್ಯೂಟರ್, ಎಂಜಿನ್ನುಗಳನ್ನು ಪೂರ್ತಿ ತಗ್ಗಿಸಿ ಇಳಿಸುವ ಇನ್ನೊಂದು ವಿಧಾನದಲ್ಲಿತ್ತು. ಇಳಿಯುವ ದರವನ್ನು ಹೊಂದಿಸುವ ಗುಂಡಿಯ ಬದಲು ಎತ್ತರ ಹೊಂದಿಸುವ ಗುಂಡಿಯನ್ನು ತಿರುಗಿಸಿದ್ದಿರಬಹುದು ಎಂಬ ಊಹೆಯೂ ಬಂತು. 132 ನಾಟ್ ಇರಬೇಕಾದ ವೇಗ ಕುಸಿಯುತ್ತ ಹೋಯಿತು. ನಾನೂರು ಅಡಿ, ಮುನ್ನೂರು ಅಡಿ, ಇನ್ನೂರು ಅಡಿ ಎಂದು ಯಂತ್ರ ಎತ್ತರವನ್ನು ಕೂಗಿ ಹೇಳಿದರೂ ಇಬ್ಬರು ಅನುಭವೀ ಪೈಲಟ್‌ಗಳು ಹೊತ್ತಿಗೆ ಸರಿಯಾಗಿ ಲೀವರ್ ಮುಂದೆ ತಳ್ಳಲಿಲ್ಲ. ತಳ್ಳುವ ವೇಳೆಗೆ ಸಮಯ ಮೀರಿತ್ತು. ತಣ್ಣಗಿರುವ ಜೆಟ್ ಎಂಜಿನ್ ಪೂರ್ತಿ ಶಕ್ತಿಗೆ ಬರಲು ಕೆಲವು ಸೆಕೆಂಡುಗಳಾದರೂ ಬೇಕು. ಆ ಸೆಕೆಂಡುಗಳು ಅವರ ಬಳಿ ಇರಲಿಲ್ಲ. ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನಗಳೆಲ್ಲ ಹಲವು ತಿಂಗಳು ನೆಲದ ಮೇಲೆ ನಿಂತವು.

ತಪ್ಪು ಪೈಲಟ್‌ಗಳದೋ ವಿಮಾನದ್ದೋ ಎಂಬ ವಾದ ಆಗ ಬಹಳ ನಡೆಯಿತು. ತನಿಖೆಯ ತೀರ್ಮಾನ ಪೈಲಟ್‌ಗಳ ಕಡೆಗೇ ಬೊಟ್ಟು ಮಾಡಿತು. ವೇಗವೂ, ಎಂಜಿನ್ನಿನ ಸ್ಥಿತಿಯೂ ಪರದೆಯ ಮೇಲೆ ಕಣ್ಣೆದುರಿಗೇ ಇದ್ದವು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ವರ್ಷಗಟ್ಟಲೆ ಹಳೆಯ ರೂಢಿಯ ವಿಮಾನಗಳನ್ನು ನಡೆಸಿದವರಿಗೆ ಎಂಜಿನ್ ಎಷ್ಟು ಜೋರಾಗಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಅಂಗೈ ಹೇಳುತ್ತಿತ್ತು. ಅಂದು ಲೀವರ್‌ಗಳು ಇದ್ದಲ್ಲೇ ಇದ್ದವು. ಕೈಗೆ ಯಾವ ಸುದ್ದಿಯೂ ಮುಟ್ಟಲಿಲ್ಲ. ಅಪಘಾತಕ್ಕೆ ಇದೊಂದೇ ಕಾರಣ ಎನ್ನುವುದು ಅತಿಯಾದೀತು. ಇದು ಲೆಕ್ಕಕ್ಕೇ ಬಾರದು ಎನ್ನುವುದು ಮಾತ್ರ ಅನ್ಯಾಯ.

ಲೆಕ್ಕಕ್ಕೆ ತೆಗೆದುಕೊಂಡವರೂ ಇದ್ದರು. 1994ರಲ್ಲಿ ಹಾರಿದ ಬೋಯಿಂಗ್ 777 ಕೂಡ ತಂತಿಯ ಸಂದೇಶದಿಂದಲೇ ನಡೆಯುವ ವಿಮಾನ. ಆದರೂ ಬೋಯಿಂಗ್ ಅದರಲ್ಲಿ ಚಕ್ರ, ಕಂಬಗಳನ್ನು ಉಳಿಸಿತು. ಇಬ್ಬರ ಚಕ್ರಗಳೂ ಕೂಡಿಯೇ ತಿರುಗುತ್ತವೆ. ಕಂಪ್ಯೂಟರ್ ಎಂಜಿನ್ನನ್ನು ಏರಿಸಿ ಇಳಿಸಿದಂತೆ ಲೀವರ್‌ಗಳೂ ಹಿಂದೆ ಮುಂದೆ ಸರಿಯುತ್ತವೆ. ಯಂತ್ರಕ್ಕೆ ಅದರ ಅಗತ್ಯವಿಲ್ಲ, ಪೈಲಟ್‌ನ ಕೈಗಿದೆ. ಏರ್‌ಬಸ್ ತನ್ನ ದಾರಿಯನ್ನು ಬಿಡಲಿಲ್ಲ. ಬದಲಿಗೆ ಕಲಿಕೆಯ ಕ್ರಮ ಬಿಗಿಯಾಯಿತು. ಎರಡೂ ಕಂಪನಿಗಳ ವಿಮಾನಗಳು ಇಂದು ಲಕ್ಷಾಂತರ ಜನರನ್ನು ಕ್ಷೇಮವಾಗಿ ಇಳಿಸುತ್ತಿರುವುದರಿಂದ ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯೇ ಇಲ್ಲ.

ಈ ನಡುವೆ ಎಚ್‌ಎಎಲ್ ರನ್‌ವೇ ಇನ್ನೊಂದು ಅಂಚನ್ನೂ ಮುಟ್ಟಿತು. 2001ರ ಜನವರಿ 4ರಂದು ರಾಜೀವ್ ಕೋಠಿಯಾಲ್ ಹಾರಿಸಿದ ಲಘು ಯುದ್ಧವಿಮಾನ, ಮುಂದೆ ‘ತೇಜಸ್’ ಎಂದು ಹೆಸರಾದದ್ದು, ಆಕಾಶದಲ್ಲಿ ತಾನಾಗಿ ನೆಟ್ಟಗೆ ಸಾಗುವ ವಿಮಾನವೇ ಅಲ್ಲ. ಚುರುಕಾಗಿ ಹೊರಳಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಲಾಗಿದೆ. ಸೆಕೆಂಡಿಗೆ ಹಲವು ಬಾರಿ ಕಂಪ್ಯೂಟರ್ ಅದರ ವಾರೆಯನ್ನು ತಿದ್ದುತ್ತಿರಬೇಕು. ಅದೇ ರನ್‌ವೇಯಲ್ಲಿ ಅರ್ಧ ಶತಮಾನದ ಹಿಂದೆ ಎಚ್‌ಟಿ-2 ಇಳಿಸಿದವರ ಪಾದಗಳು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದೇ ಕೆಲಸ: ಕಾಣುವ ಮೊದಲೇ ತಿದ್ದುವುದು. ಕೆಲಸ ಪಾದದಿಂದ ಕಂಪ್ಯೂಟರಿಗೆ, ನೆಲದಿಂದ ಆಕಾಶಕ್ಕೆ ವರ್ಗವಾಗಿದೆ.

ಇನ್ನು ದೇವನಹಳ್ಳಿ ನಿಲ್ದಾಣದ ಆ ಎಟಿಆರ್ ವಿಮಾನ. ಅದಕ್ಕೆ ಮೂಗಿನ ಗಾಲಿಯಿದೆ. ಆದ್ದರಿಂದ ಹಳಬರ ಲೆಕ್ಕದಲ್ಲಿ ಅದು ರೂಢಿಯ ವಿಮಾನವಲ್ಲ. ಚಕ್ರ, ಕಂಬ, ಉಕ್ಕಿನ ಹಗ್ಗಗಳೂ ಇವೆ. ಆದ್ದರಿಂದ ಹೊಸಬರ ಲೆಕ್ಕದಲ್ಲಿ ರೂಢಿಯದೇ. ಇಂದು ಹಾರಾಟ ಕಲಿಯುವವರು ಮೂಗಿನ ಗಾಲಿಯ ಪುಟ್ಟ ಸೆಸ್ನಾದಲ್ಲಿ ಶುರುಮಾಡಿ, ಕೆಲವೊಮ್ಮೆ ನೇರವಾಗಿ ಎ-320ಕ್ಕೇ ಹೋಗುತ್ತಾರೆ. ಪಾದದ ಪಾಠವೂ ಅಂಗೈಯ ಪಾಠವೂ ಅವರಿಗೆ ಅರೆಬರೆ. ಅವರಿಗೆ ರೂಢಿಯಾದದ್ದು ಪರದೆ. ನಾಳೆ ಇನ್ನೊಂದು ಬಗೆಯ ವಿಮಾನ ಬಂದಾಗ ಇದೇ ಏರ್‌ಬಸ್ಸನ್ನು ಯಾರಾದರೂ ‘ರೂಢಿಯ ವಿಮಾನ’ ಎಂದು ಕರೆದರೆ ಬೆರಗಾಗಬೇಕಾಗಿಲ್ಲ.

ಎಟಿಆರ್‌ನಿಂದಲೋ 737ರಿಂದಲೋ ಏರ್‌ಬಸ್‌ಗೆ ಬರುವವರಿಗೆ ಕಲಿಸುವ ಮುಖ್ಯ ಪಾಠಗಳಲ್ಲಿ ಒಂದು ಬಾಯಿಪಾಠ. ಎದುರಿನ ಪರದೆಯ ಮೇಲ್ತುದಿಯಲ್ಲಿ ಒಂದು ಸಾಲು ಇರುತ್ತದೆ. ಎಂಜಿನ್ ಯಾವ ವಿಧಾನದಲ್ಲಿದೆ, ಇಳಿತ ಯಾವ ವಿಧಾನದಲ್ಲಿದೆ ಎಂದು ಅದು ಸಣ್ಣ ಅಕ್ಷರಗಳಲ್ಲಿ ತೋರಿಸುತ್ತದೆ. ಆ ಸಾಲು ಬದಲಾದಾಗಲೆಲ್ಲ ಒಬ್ಬ ಪೈಲಟ್ ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸರಿನೋಡಬೇಕು. ದೇವನಹಳ್ಳಿಯತ್ತ ಇಳಿಯುವ ಒಂದೊಂದು ಏರ್‌ಬಸ್‌ನಲ್ಲೂ, ಕೆಳಗೆ ಹೊಲಗಳು ಕಾಣತೊಡಗುವ ಹೊತ್ತಿಗೆ, ಆ ಸಾಲನ್ನು ಓದುವ ದನಿ ಕಾಕ್‌ಪಿಟ್‌ನಲ್ಲಿ ಕೇಳುತ್ತಿರುತ್ತದೆ.